ಗಾಳಿ ಅಡಗಿದ ಮೇಲೆ

ನೀನಾ ಚಂಡಮಾರುತದ ಆಯುಷ್ಯ ಹವಾಮಾನ ಪುಸ್ತಕಗಳ ಲೆಕ್ಕದಲ್ಲಿ ಒಂದು ವಾರ. 1975ರ ಜುಲೈ ಕೊನೆಗೆ ಫಿಲಿಪ್ಪೀನ್ಸ್ ಸಮುದ್ರದಲ್ಲಿ ಹುಟ್ಟಿತು. ಆಗಸ್ಟ್ 2ರ ಹೊತ್ತಿಗೆ ಅದರ ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್ ಮುಟ್ಟಿತ್ತು. 3ರಂದು ತೈವಾನಿನ ಪೂರ್ವ ಕರಾವಳಿಯ ಹ್ವಾಲಿಯೆನ್ ಬಳಿ ನೆಲ ಹತ್ತಿ, ದ್ವೀಪದ ನಡುಬೆನ್ನಿನ ಬೆಟ್ಟಗಳಿಗೆ ಬಡಿದು ಜರ್ಜರಿತವಾಯಿತು. ಅಲ್ಲಿ ಸತ್ತವರು ಸುಮಾರು 30 ಜನ. ಮರುದಿನ ಜಲಸಂಧಿ ದಾಟಿ ಚೀನಾದ ಫುಜಿಯಾನ್ ಕರಾವಳಿಗೆ ಬಂದಾಗ ಅದು ಸಾಮಾನ್ಯ ಬಿರುಗಾಳಿ ಮಳೆಯಾಗಿತ್ತು. ಜಿಯಾಂಗ್‌ಶಿ, ಹುನಾನ್ ಪ್ರಾಂತ್ಯಗಳ ಮೇಲೆ ಒಳನಾಡಿನತ್ತ ಸಾಗುತ್ತ ಇನ್ನಷ್ಟು ಸಣ್ಣಗಾಯಿತು. ಆಗಸ್ಟ್ 5ಕ್ಕೆ ಬೀಜಿಂಗಿನ ಕೇಂದ್ರ ಹವಾಮಾನ ವೀಕ್ಷಣಾಲಯದ ಕಣ್ಣಿಗೆ ಅದು ಕಾಣದಾಯಿತು. ಚಂಡಮಾರುತದ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿದಿದ್ದರೆ ಈ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಆ ವರ್ಷದ ಚಂಡಮಾರುತಗಳಲ್ಲಿ ನೀನಾ ಅಂಥ ವಿಶೇಷವೇನಲ್ಲ. ಅದರ ಗಾಳಿಯಿಂದ ಸತ್ತವರಿಗಿಂತ ನೂರಾರು, ಬಹುಶಃ ಸಾವಿರಾರು ಪಟ್ಟು ಜನ ಅದರ ಗಾಳಿ ಅಡಗಿದ ಮೇಲೆ, ಕಡಲಿನ ಸುಳಿವೇ ಇಲ್ಲದ ಹೆನಾನ್ ಪ್ರಾಂತ್ಯದ ಜೋಳ, ಗೋಧಿಯ ಹೊಲಗಳಲ್ಲಿ ಸತ್ತರು. ಅವರಲ್ಲಿ ಹೆಚ್ಚಿನವರು ಕಡಲನ್ನು ಕಂಡವರೇ ಅಲ್ಲ.

ಚಂಡಮಾರುತಗಳಿಗೆ ನಾವು ದರ್ಜೆ ಕೊಡುವುದು ಗಾಳಿಯ ವೇಗ ನೋಡಿ. ನಮ್ಮ ಹವಾಮಾನ ಇಲಾಖೆಯ ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ, ಚಂಡಮಾರುತ ಎಂಬ ಏಣಿಯ ಮೆಟ್ಟಿಲುಗಳೆಲ್ಲ ಗಾಳಿಯವೇ. ಗಂಟೆಗೆ 62 ಕಿಲೋಮೀಟರ್ ದಾಟಿದರೆ ಚಂಡಮಾರುತ, ಕೆಳಗಿಳಿದರೆ ಹೆಸರು ಹೋಗುತ್ತದೆ. ಬೆಚ್ಚಗಿನ ಕಡಲಿನಿಂದ ಏಳುವ ಆವಿಯೇ ಚಂಡಮಾರುತದ ಆಹಾರ. ನೆಲಕ್ಕೆ ಬಂದ ಕೂಡಲೇ ಅದು ನಿಲ್ಲುತ್ತದೆ, ಗುಡ್ಡ, ಮರ, ಮನೆಗಳ ಉಜ್ಜಾಟಕ್ಕೆ ಗಾಳಿ ಸೊರಗುತ್ತದೆ. ಕರಾವಳಿಯವರ ಮಟ್ಟಿಗೆ ಈ ಏಣಿ ಸರಿಯಾದದ್ದೇ. ಮೀನುಗಾರನಿಗೆ, ಹಂಚಿನ ಮನೆಯವನಿಗೆ ಗಾಳಿಯೇ ಮೊದಲ ಶತ್ರು. ಆದರೆ ಮೇಲೆ ಹೊತ್ತು ತಂದ ನೀರಿಗೆ ಈ ಏಣಿಯಲ್ಲಿ ಲೆಕ್ಕವೇ ಇಲ್ಲ. ಗಾಳಿ ಅರ್ಧವಾದರೆ ಮೋಡದಲ್ಲಿರುವ ನೀರು ಅರ್ಧವಾಗುವುದಿಲ್ಲ. ಸಾಗುವ ವೇಗ ಕಡಿಮೆಯಾದಷ್ಟೂ ಒಂದೇ ಕಡೆ ಸುರಿಯುವ ಹೊತ್ತು ಹೆಚ್ಚುತ್ತದೆ.

ಇದು 1975ರಲ್ಲಿ ಹೊಸ ಪಾಠವೇನೂ ಆಗಿರಲಿಲ್ಲ. ಆರು ವರ್ಷ ಹಿಂದೆ, 1969ರ ಆಗಸ್ಟಿನಲ್ಲಿ, ಕಮೀಲ್ ಎಂಬ ಹರಿಕೇನ್ ಅಮೆರಿಕದ ಮಿಸಿಸಿಪಿ ಕರಾವಳಿಯನ್ನು ಗುಡಿಸಿಹಾಕಿತ್ತು. ಆಮೇಲೆ ಒಳನಾಡಿನಲ್ಲಿ ಬಡಕಲಾಗಿ, ಪತ್ರಿಕೆಗಳ ಮುಖಪುಟದಿಂದ ಇಳಿದು, 19ರ ರಾತ್ರಿ ವರ್ಜೀನಿಯಾದ ನೆಲ್ಸನ್ ಕೌಂಟಿಯ ಬೆಟ್ಟಗಳ ಮೇಲೆ ಬಂದು ನಿಂತಿತು. ಬೆಳಗಾಗುವುದರೊಳಗೆ 27 ಅಂಗುಲ ಮಳೆ. ಬೆಟ್ಟದ ಮಣ್ಣೆಲ್ಲ ಕಳಚಿ ಕಣಿವೆಗಿಳಿಯಿತು. ಅಂಥ ಮಳೆಯ ಮುನ್ಸೂಚನೆ ಯಾರೂ ಕೊಟ್ಟಿರಲಿಲ್ಲ. ಆ ಒಂದು ರಾಜ್ಯದಲ್ಲೇ 150ಕ್ಕೂ ಹೆಚ್ಚು ಜನ ಮಲಗಿದ್ದಲ್ಲೇ ಹೋದರು. ಮರದಲ್ಲಿ ಕೂತ ಹಕ್ಕಿಗಳು ಮಳೆಯಲ್ಲೇ ಮುಳುಗಿ ಸತ್ತವೆಂದು ಅಲ್ಲಿನವರು ಹೇಳುತ್ತಾರೆ. ಹಕ್ಕಿಗಳ ಮಾತು ಹೆನಾನಿನಲ್ಲೂ ಬರುತ್ತದೆ.

ಹೆನಾನಿನ ಕಥೆಗೆ ಮೊದಲು ಒಂದು ನದಿಯ ವಿಷಯ ಹೇಳಬೇಕು. ಹ್ವಾಯ್ ನದಿ ಚೀನಾದ ದೊಡ್ಡ ನದಿಗಳಲ್ಲಿ ಬಹುಶಃ ಎಲ್ಲಕ್ಕಿಂತ ದುರದೃಷ್ಟದ್ದು. ಉತ್ತರಕ್ಕೆ ಹಳದಿ ನದಿ, ದಕ್ಷಿಣಕ್ಕೆ ಯಾಂಗ್ತ್ಸೆ. ಎರಡರ ನಡುವೆ ಚಪ್ಪಟೆ ಬಯಲಿನಲ್ಲಿ ಹರಿಯುತ್ತದೆ. 1194ರಲ್ಲಿ ಹಳದಿ ನದಿ ದಾರಿ ತಪ್ಪಿ ದಕ್ಷಿಣಕ್ಕೆ ನುಗ್ಗಿ ಹ್ವಾಯ್ ನದಿಯ ಪಾತ್ರವನ್ನೇ ಆಕ್ರಮಿಸಿತು. ಆರು ಶತಮಾನಕ್ಕೂ ಮಿಕ್ಕಿ ಅಲ್ಲೇ ಹರಿದು, ತನ್ನ ಹೂಳನ್ನೆಲ್ಲ ತುಂಬಿ, 1855ರಲ್ಲಿ ಮತ್ತೆ ಉತ್ತರಕ್ಕೆ ಹೊರಟುಹೋಯಿತು. ಅಷ್ಟರಲ್ಲಿ ಹ್ವಾಯ್ ನದಿಗೆ ಕಡಲಿಗೆ ಹೋಗಲು ಸ್ವಂತ ಬಾಯಿಯೇ ಉಳಿದಿರಲಿಲ್ಲ. ಅಂದಿನಿಂದ ಮಳೆ ಬಂದಾಗಲೆಲ್ಲ ನೀರು ಬಯಲಲ್ಲೇ ಹರಡಿ ನಿಲ್ಲುವುದು ಅಲ್ಲಿನ ಬದುಕಿನ ಪಾಡಾಯಿತು. ಇದು ಸಾಲದೆಂಬಂತೆ 1938ರಲ್ಲಿ ಜಪಾನಿ ಸೈನ್ಯವನ್ನು ತಡೆಯಲು ಚಿಯಾಂಗ್ ಕಾಯ್-ಶೆಕ್ ಸರ್ಕಾರ ಹ್ವಾಯುವಾನ್‌ಕೌ ಎಂಬಲ್ಲಿ ಹಳದಿ ನದಿಯ ಏರಿಯನ್ನು ತಾನೇ ಒಡೆಯಿತು. ಆ ನೀರು ಹರಿದದ್ದೂ ಹ್ವಾಯ್ ಬಯಲಿನ ಮೇಲೆಯೇ. ಸತ್ತ ಲಕ್ಷಗಟ್ಟಲೆ ಜನ ಸ್ವಂತ ದೇಶದ ಪ್ರಜೆಗಳು.

1950ರ ಬೇಸಿಗೆಯಲ್ಲಿ, ಹೊಸ ಗಣರಾಜ್ಯಕ್ಕೆ ಇನ್ನೂ ಒಂದು ವರ್ಷ ತುಂಬುವ ಮುನ್ನ, ಹ್ವಾಯ್ ಮತ್ತೆ ಉಕ್ಕಿತು. ಪ್ರವಾಹಕ್ಕೆ ಹೆದರಿ ಮರ ಹತ್ತಿದವರನ್ನು ಅಲ್ಲಿಯೇ ಆಶ್ರಯ ಪಡೆದಿದ್ದ ಹಾವುಗಳು ಕಚ್ಚಿ ಕೊಂದ ಸುದ್ದಿಯ ತಂತಿ ಓದಿ ಮಾವೋ ಕಣ್ಣೀರಿಟ್ಟರೆಂಬ ಮಾತಿದೆ. ಕಣ್ಣೀರು ನಿಜವೋ ಅಲ್ಲವೋ, ಹ್ವಾಯ್ ನದಿಯನ್ನು ಸರಿಪಡಿಸಿಯೇ ತೀರಬೇಕೆಂಬ ಅಪ್ಪಣೆ ಮಾತ್ರ ನಿಜ. ಸಾವಿರಾರು ರೈತರು ಬುಟ್ಟಿ, ಗುದ್ದಲಿ ಹಿಡಿದು ಕಣಿವೆಗಳಿಗೆ ನಡೆದರು. 1951ರಲ್ಲಿ ಶಿಮಾನ್‌ತಾನ್ ಅಣೆಕಟ್ಟು ಮುಗಿಯಿತು. 1952ರ ಜೂನಿನಲ್ಲಿ ರು ಎಂಬ ಉಪನದಿಗೆ ಅಡ್ಡವಾಗಿ ಬಾನ್‌ಚಿಯಾವ್ ಅಣೆಕಟ್ಟು ಎದ್ದಿತು. ಎರಡೂ ಮಣ್ಣಿನವು.

ಬಾನ್‌ಚಿಯಾವ್ ಏರಿಯ ಎತ್ತರ 24.5 ಮೀಟರ್. ಜೇಡಿಮಣ್ಣನ್ನು ಬಡಿದು ಕಟ್ಟಿದ ಆ ಏರಿಯಲ್ಲಿ ಕೆಲವೇ ವರ್ಷಗಳಲ್ಲಿ ಬಿರುಕು ಕಂಡಿತು. ಆಗ ಸೋವಿಯತ್ ಎಂಜಿನಿಯರುಗಳ ಸಲಹೆ ಪಡೆದು ಎತ್ತರಿಸಿ ಬಲಪಡಿಸಿದರು. ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನೂ ತಡೆದೀತು ಎಂದು ಲೆಕ್ಕ ಹಾಕಿದರು. ಜನ ಅದನ್ನು 'ಉಕ್ಕಿನ ಅಣೆಕಟ್ಟು' ಎಂದು ಕರೆಯತೊಡಗಿದರು. ಜಲಾಶಯದ ಸಾಮರ್ಥ್ಯ 49.2 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 17 ಟಿಎಂಸಿಗೆ ತುಸು ಹೆಚ್ಚು. ಕನ್ನಂಬಾಡಿಯ ಮೂರನೇ ಒಂದು ಪಾಲು ಎಂದುಕೊಳ್ಳಬಹುದು. ಆದರೆ ಅದರ ತೂಬು, ಕೋಡಿಗಳೆಲ್ಲ ಸೇರಿ ಹೊರಬಿಡಬಲ್ಲ ನೀರು ಸೆಕೆಂಡಿಗೆ 1,742 ಘನ ಮೀಟರ್ ಮಾತ್ರ, ಎಂದರೆ ಸುಮಾರು 61 ಸಾವಿರ ಕ್ಯೂಸೆಕ್. ಹೊಟ್ಟೆ ದೊಡ್ಡದು, ಗಂಟಲು ಕಿರಿದು.

ಆ ಕಾಲದ ನೀರಾವರಿ ರಾಜಕೀಯವೇ ಹಾಗಿತ್ತು. 1958ರ 'ಮಹಾ ಮುನ್ನೆಗೆತ'ದ ದಿನಗಳಲ್ಲಿ ನೀರನ್ನು ಹೊರಬಿಡುವ ಮಾತಾಡುವವನು ಹೇಡಿ, ಹಿಡಿದಿಡುವವನು ಕ್ರಾಂತಿಕಾರಿ. ಬಾನ್‌ಚಿಯಾವ್ ಇರುವ ಜುಮಾದಿಯೆನ್ ಪ್ರದೇಶವೊಂದರಲ್ಲೇ ಎರಡು ಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜಲಾಶಯಗಳು ಎದ್ದವು. ಚೆನ್ ಶಿಂಗ್ ಎಂಬ ಜಲತಜ್ಞ ಇದನ್ನು ಒಪ್ಪಲಿಲ್ಲ. ಚಪ್ಪಟೆ ಬಯಲಲ್ಲಿ ಅತಿಯಾಗಿ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ ಹೊಲಗಳು ಜೌಗಾಗುತ್ತವೆ, ಸವಳಾಗುತ್ತವೆ, ಪ್ರವಾಹ ಬಂದಾಗ ಹರಿದುಹೋಗಲು ದಾರಿ ಸಿಗದು ಎಂಬುದು ಅವರ ವಾದ. ಅದೇ ಕಣಿವೆಯ ಒಂದು ದೊಡ್ಡ ಜಲಾಶಯಕ್ಕೆ ಹನ್ನೆರಡು ಗೇಟು ಬೇಕೆಂದು ಅವರು ವಿನ್ಯಾಸ ಮಾಡಿದ್ದರು. ಅತಿ ಎಚ್ಚರಿಕೆ ಎಂದು ಅಧಿಕಾರಿಗಳು ಅದನ್ನು ಐದಕ್ಕೆ ಇಳಿಸಿದರು. ಚೆನ್ ಶಿಂಗ್ ಅವರಿಗೆ ಬಲಪಂಥೀಯನೆಂಬ ಹಣೆಪಟ್ಟಿ ಹಚ್ಚಿ ಬೇರೆಡೆಗೆ ಕಳಿಸಿದರು. ಮುಂದೆ ಪರಿಸ್ಥಿತಿ ಕೆಟ್ಟಾಗ ವಾಪಸು ಕರೆಸಿದರು, ಅವರು ಮತ್ತೆ ಬಾಯಿ ತೆರೆದಾಗ ಮತ್ತೆ ದೂರವಿಟ್ಟರು. ಎಂಜಿನಿಯರ್ ಒಬ್ಬನ ಅಭಿಪ್ರಾಯ ತಪ್ಪೆಂದು ವಾದಿಸುವುದು ಬೇರೆ, ಅಪರಾಧವೆಂದು ಶಿಕ್ಷಿಸುವುದು ಬೇರೆ. ಎರಡನೆಯದು ನಡೆದ ಊರಿನಲ್ಲಿ ಮೂರನೆಯ ಎಂಜಿನಿಯರ್ ಅಭಿಪ್ರಾಯವನ್ನೇ ಇಟ್ಟುಕೊಳ್ಳುವುದಿಲ್ಲ.

ಇಂಥ ನೆಲದ ಮೇಲೆ ನೀನಾದ ಉಳಿಕೆ ಬಂತು.

ಒಳನಾಡಿಗೆ ಹೊಕ್ಕ ಚಂಡಮಾರುತಗಳ ಅವಶೇಷ ಸಾಮಾನ್ಯವಾಗಿ ಉತ್ತರಕ್ಕೆ ಸರಿದು, ಪೂರ್ವಕ್ಕೆ ತಿರುಗಿ, ಕಡಲಿನ ಮೇಲೆ ಚದುರಿಹೋಗುತ್ತದೆ. ಆ ವಾರ ಉತ್ತರದಲ್ಲಿ ಅಧಿಕ ಒತ್ತಡದ ಗೋಡೆಯೊಂದು ಎದ್ದಿತ್ತು. ಹುನಾನಿನಿಂದ ಹುಬೈ ದಾಟಿ ಹೆನಾನಿನ ದಕ್ಷಿಣ ತುದಿಗೆ ಬಂದ ಸುಳಿ ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲದೆ ನಿಂತಿತು. ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿದ್ದರೂ ಆಗ್ನೇಯದಿಂದ ತೇವ ತುಂಬಿದ ಕೆಳಮಟ್ಟದ ಗಾಳಿ ಅದಕ್ಕೆ ಎಡೆಬಿಡದೆ ಆವಿ ಒದಗಿಸುತ್ತಲೇ ಇತ್ತು. ಜುಮಾದಿಯೆನ್ ಬಯಲಿನ ಪಶ್ಚಿಮಕ್ಕೆ ಫುನಿಯು ಪರ್ವತಗಳ ಅಂಚು. ಅಲ್ಲಿನ ಕಣಿವೆಗಳು ಪೂರ್ವಕ್ಕೆ ಬಾಯ್ದೆರೆದು ನಿಂತಿವೆ. ಪೂರ್ವದಿಂದ ಬಂದ ತೇವದ ಗಾಳಿ ಆ ಬಾಯೊಳಗೆ ಹೊಕ್ಕು, ಇಕ್ಕಟ್ಟಾಗಿ, ಮೇಲೇರುವುದೊಂದೇ ದಾರಿಯಾಯಿತು. ಮೇಲೇರಿದ ಗಾಳಿ ನೀರನ್ನು ಬಿಡಲೇಬೇಕು. ನಮ್ಮ ಆಗುಂಬೆಯಲ್ಲಿ ಮಳೆ ಬೀಳುವುದೂ ಇದೇ ನ್ಯಾಯದಿಂದ, ಆದರೆ ಅಲ್ಲಿ ಮಳೆ ಮಲೆನಾಡಿನ ಅಭ್ಯಾಸ. ಇಲ್ಲಿ ಅದನ್ನು ಕಂಡವರೇ ಇರಲಿಲ್ಲ.

ಮಳೆ ಆಗಸ್ಟ್ 5ರಂದು ಸುರುವಾಯಿತು. ಬಾನ್‌ಚಿಯಾವ್ ಮೇಲ್ಭಾಗದ ಲಿನ್‌ಜುವಾಂಗ್ ಎಂಬ ಹಳ್ಳಿಯ ಮಳೆಮಾಪಕದಲ್ಲಿ ಆ ದಿನ ಒಂದೇ ಗಂಟೆಗೆ 198.5 ಮಿಲಿಮೀಟರ್ ದಾಖಲಾಯಿತು. ಬೀಜಿಂಗಿನ ಮುನ್ಸೂಚನೆ 100 ಮಿಲಿಮೀಟರಿನ ಆಸುಪಾಸಿನದು. 6ರಂದು ಮಳೆ ಸ್ವಲ್ಪ ತಗ್ಗಿ ಮತ್ತೆ ಬಿರುಸಾಯಿತು. 7ರ ಸಂಜೆಯಿಂದ ರಾತ್ರಿಯವರೆಗಿನದೇ ಎಲ್ಲಕ್ಕಿಂತ ಘೋರ. ಆರು ಗಂಟೆಯಲ್ಲಿ 830 ಮಿಲಿಮೀಟರ್, ಅಲ್ಲಿಯತನಕ ಜಗತ್ತಿನಲ್ಲಿ ಎಲ್ಲಿಯೂ ದಾಖಲಾಗದಷ್ಟು. ಇಪ್ಪತ್ತನಾಲ್ಕು ಗಂಟೆಯಲ್ಲಿ 1,060. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಅದು; ಆ ಪ್ರದೇಶದ ವರ್ಷದ ಸರಾಸರಿಗಿಂತಲೂ ಹೆಚ್ಚು. ಮೂರು ದಿನಗಳ ಮೊತ್ತ 1,600 ಮಿಲಿಮೀಟರ್ ದಾಟಿತು. ಅಣೆಕಟ್ಟಿನ ಲೆಕ್ಕದಲ್ಲಿದ್ದ ಸಾವಿರ ವರ್ಷದ ಮಳೆ ಎಂದರೆ ದಿನಕ್ಕೆ ಸುಮಾರು 300 ಮಿಲಿಮೀಟರ್. ಮಳೆ ನಿಂತ ಮೇಲೆ ಬೆಟ್ಟದ ಮೈಯಲ್ಲಿ ಸತ್ತ ಗುಬ್ಬಚ್ಚಿಗಳು ರಾಶಿ ಬಿದ್ದಿದ್ದವಂತೆ.

ಬಾನ್‌ಚಿಯಾವ್‌ನಲ್ಲಿ ಏನಾಯಿತು ಎಂಬುದು ಬಹುಪಾಲು ಸಂಪರ್ಕ ಕಡಿದ ಕಥೆ. 6ರಂದು ಗೇಟು ಪೂರ್ತಿ ತೆರೆಯಲು ಅನುಮತಿ ಕೇಳಿದರು. ಕೆಳಗೆ ಆಗಲೇ ಹೊಳೆ ತುಂಬಿ ಊರುಗಳಿಗೆ ನೀರು ನುಗ್ಗಿದೆ, ಇನ್ನಷ್ಟು ಬಿಟ್ಟರೆ ಹೇಗೆ ಎಂದು ನಿರಾಕರಿಸಿದರು. ಇದನ್ನು ಮೂರ್ಖತನ ಎಂದು ಇಂದು ಕೂತಲ್ಲೇ ಹೇಳುವುದು ಸುಲಭ. ಆ ಕ್ಷಣಕ್ಕೆ ಅದು ಕಣ್ಣಿಗೆ ಕಾಣುವ ಪ್ರವಾಹಕ್ಕೂ ಕಾಣದ ಪ್ರವಾಹಕ್ಕೂ ನಡುವಿನ ಆಯ್ಕೆ. 7ರಂದು ಅನುಮತಿ ಹೊರಟಿತು, ಆದರೆ ತಂತಿ ಅಣೆಕಟ್ಟು ತಲುಪಲಿಲ್ಲ. ದೂರವಾಣಿ ಕಂಬಗಳು ಬಿದ್ದಿದ್ದವು, ರಸ್ತೆಗಳು ಕೊಚ್ಚಿಹೋಗಿದ್ದವು. ಇದ್ದ ಗೇಟುಗಳ ಬಾಯಿಗೂ ಹೂಳು ಅಡರಿತ್ತು. ಆ ಸಂಜೆ ಜುಮಾದಿಯೆನ್‌ನಲ್ಲಿ ಅಧಿಕಾರಿಗಳು ಸಭೆ ಸೇರಿ ಯಾವ ಯಾವ ಜಲಾಶಯಕ್ಕೆ ಅಪಾಯವಿದೆ ಎಂದು ಚರ್ಚಿಸಿದರಂತೆ. ಬಾನ್‌ಚಿಯಾವ್ ಹೆಸರು ಬರಲಿಲ್ಲವೆಂದು ನಂತರದ ಬರಹಗಳು ಹೇಳುತ್ತವೆ. ಉಕ್ಕಿನ ಅಣೆಕಟ್ಟಿಗೆ ಏನಾದೀತು?

ರಾತ್ರಿ ಒಂಬತ್ತೂವರೆಗೆ ಅಣೆಕಟ್ಟಿನ ಮೇಲೆ ಕಾವಲಿದ್ದ ಸೇನಾ ತುಕಡಿ ಮೊದಲ ಎಚ್ಚರಿಕೆಯ ತಂತಿ ಕಳಿಸಿತು. ಜಲಾಶಯಕ್ಕೆ ಬರುತ್ತಿದ್ದ ಒಳಹರಿವು ಸೆಕೆಂಡಿಗೆ 13,000 ಘನ ಮೀಟರ್ ಮುಟ್ಟಿತ್ತು, ಸುಮಾರು ನಾಲ್ಕೂವರೆ ಲಕ್ಷ ಕ್ಯೂಸೆಕ್. ಹೊರಬಿಡಲು ಸಾಧ್ಯವಿದ್ದದ್ದು ಅದರ ಏಳರಲ್ಲಿ ಒಂದು ಪಾಲೂ ಅಲ್ಲ. ಸಿಡಿಲು, ಮಳೆ, ಕತ್ತಲೆಯ ನಡುವೆ ಜನ ಸೊಂಟಮಟ್ಟದ ನೀರಿನಲ್ಲಿ ನಿಂತು ಏರಿಯ ಮೇಲೆ ಮರಳಿನ ಚೀಲ ಪೇರಿಸುತ್ತಿದ್ದರು. ಕೆರೆ ಕಾಯುವ ನೀರುಗಂಟಿಗೆ ಗೊತ್ತಿರುವ ಸತ್ಯ ಬಾನ್‌ಚಿಯಾವ್‌ಗೂ ಅನ್ವಯಿಸುತ್ತಿತ್ತು: ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಉಳಿದೀತು, ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಏರಿ ಉಳಿಯದು. ಹರಿಯುವ ನೀರು ಹಿಂಬದಿಯ ಮಣ್ಣನ್ನು ಕೊರೆಯುತ್ತ ಹೋಗಿ ಒಂದು ಹಂತದಲ್ಲಿ ಇಡೀ ಏರಿಯನ್ನೇ ಬಿಚ್ಚಿಬಿಡುತ್ತದೆ.

ನಡುರಾತ್ರಿ ಕಳೆದು ಅರ್ಧ ಗಂಟೆಗೆ ಪಕ್ಕದ ಕಣಿವೆಯ ಶಿಮಾನ್‌ತಾನ್ ಒಡೆಯಿತು. ಇನ್ನರ್ಧ ಗಂಟೆಗೆ ಬಾನ್‌ಚಿಯಾವ್‌ನ ನೀರು ಏರಿಯ ಮೇಲಿನ ಅಲೆತಡೆ ಗೋಡೆಗಿಂತ ಒಂದಡಿ ಮೇಲಕ್ಕೆ ಬಂದಿತ್ತು. ಆಗ ಮಳೆ ಹಠಾತ್ತನೆ ನಿಂತಿತು, ಆಕಾಶದಲ್ಲಿ ನಕ್ಷತ್ರಗಳು ಕಂಡವು, ಯಾರೋ ನೀರು ಇಳಿಯುತ್ತಿದೆ ಎಂದು ಕೂಗಿದರು ಎಂದು ಬದುಕುಳಿದವರು ಹೇಳಿದ್ದಾರೆ. ನೀರು ಇಳಿಯುತ್ತಿದ್ದದ್ದು ನಿಜ. ಏರಿ ಒಡೆದಿತ್ತು. ಆ ಸದ್ದು ಕೇಳಿ ನದಿಯ ಡ್ರ್ಯಾಗನ್ ಬಂತೆಂದು ಯಾರೋ ಚೀರಿದರಂತೆ. ಪತ್ರಕರ್ತೆ ದಾಯ್ ಚಿಂಗ್ ಸಂಪಾದಿಸಿದ, ಚೀನಾದ ಅಣೆಕಟ್ಟುಗಳ ಕುರಿತ 1998ರ ಪುಸ್ತಕಕ್ಕೆ ಆ ಕೂಗೇ ಹೆಸರಾಯಿತು.

ಒಡೆದ ಬಾಯಿಯಿಂದ ಹೊರನುಗ್ಗಿದ ನೀರಿನ ಗರಿಷ್ಠ ಪ್ರಮಾಣ ಸೆಕೆಂಡಿಗೆ 78,800 ಘನ ಮೀಟರ್ ಎಂದು ಲೆಕ್ಕ ಹಾಕಿದ್ದಾರೆ. 27 ಲಕ್ಷ ಕ್ಯೂಸೆಕ್ ಮೀರಿದ ಮೊತ್ತ ಅದು. 2019ರಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ ದಾಟಿದಾಗಲೇ ಕೃಷ್ಣೆಯ ದಂಡೆಯ ಊರುಗಳು ಏನಾದವೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಗಂಟೆಯಲ್ಲಿ 70 ಕೋಟಿ ಘನ ಮೀಟರ್ ನೀರು, ಸುಮಾರು 25 ಟಿಎಂಸಿ, ಬಯಲಿಗೆ ಇಳಿಯಿತು. ಅಲೆ ಹತ್ತು ಕಿಲೋಮೀಟರ್ ಅಗಲ, ಮೂರರಿಂದ ಏಳು ಮೀಟರ್ ಎತ್ತರ, ಗಂಟೆಗೆ ಐವತ್ತು ಕಿಲೋಮೀಟರ್ ವೇಗ. ಅದರ ದಾರಿಯಲ್ಲಿದ್ದ ಸಣ್ಣ ಪುಟ್ಟ ಅಣೆಕಟ್ಟುಗಳು ಒಂದರ ಹಿಂದೊಂದು ಹೋದವು. ಆ ಪ್ರದೇಶದಲ್ಲಿ ಒಟ್ಟು 62 ಅಣೆಕಟ್ಟುಗಳು ಒಡೆದವು. ಚೀನಾದ ಉತ್ತರ ದಕ್ಷಿಣವನ್ನು ಜೋಡಿಸುವ ಬೀಜಿಂಗ್–ಗುವಾಂಗ್‌ಝೌ ರೈಲುಮಾರ್ಗ ಈ ಬಯಲನ್ನೇ ಹಾದುಹೋಗುತ್ತದೆ. ಹಳಿಗಳು ತಿರುಚಿಕೊಂಡು ಮೂಲೆಗೆ ಬಿದ್ದವು, ಎರಡು ವಾರಕ್ಕೂ ಹೆಚ್ಚು ಕಾಲ ರೈಲು ಓಡಲಿಲ್ಲ.

ಇಲ್ಲಿ ಎರಡು ಊರುಗಳ ಮಾತು ಹೇಳಲೇಬೇಕು. ಶಾಹೆದಿಯೆನ್ ಬಾನ್‌ಚಿಯಾವ್‌ನ ಬುಡದಲ್ಲೇ ಇದೆ. ಅಲ್ಲಿಯ ಜನರನ್ನು ಕೊನೆಯ ಗಳಿಗೆಯಲ್ಲಿ ಎತ್ತರದ ಜಾಗಕ್ಕೆ ಓಡಿಸಲಾಯಿತು. ಆರು ಸಾವಿರದಲ್ಲಿ ಸತ್ತವರು 827. ಅದರ ಕೆಳಗೆ ಸುಯ್‌ಪಿಂಗ್ ಜಿಲ್ಲೆಯ ವೆನ್‌ಚೆಂಗ್ ಕಮ್ಯೂನಿಗೆ ಸುದ್ದಿ ಮುಟ್ಟಲಿಲ್ಲ. 36,000 ಜನರಲ್ಲಿ ಅರ್ಧಕ್ಕರ್ಧ ಹೋದರು. ಅಣೆಕಟ್ಟಿನ ಮೇಲಿನ ಸೈನಿಕರು ಸಂಕೇತದ ಬಾಣಬಿರುಸು ಹಾರಿಸಿದ್ದರು, ಆದರೆ ಅದರ ಅರ್ಥ ಏನೆಂದು ಕೆಳಗಿನವರೊಂದಿಗೆ ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ. ಸುದ್ದಿ ಹೊತ್ತು ಓಡಿದ ಕೆಲವರನ್ನು ನೀರೇ ಹಿಡಿಯಿತು. ಅಣೆಕಟ್ಟಿನ ಎತ್ತರ, ಗೇಟಿನ ಸಂಖ್ಯೆ ಇವೆಲ್ಲ ಇಪ್ಪತ್ತು ವರ್ಷಗಳ ಹಿಂದಿನ ತಪ್ಪುಗಳು. ಶಾಹೆದಿಯೆನ್ ಮತ್ತು ವೆನ್‌ಚೆಂಗ್ ನಡುವಿನ ವ್ಯತ್ಯಾಸ ಆ ಒಂದು ರಾತ್ರಿಯದು, ಅದಕ್ಕೆ ಬೇಕಿದ್ದದ್ದು ಕೆಲಸ ಮಾಡುವ ಒಂದು ದೂರವಾಣಿ ತಂತಿ. ಈ ಇಡೀ ದುರಂತದಲ್ಲಿ ನನಗೆ ಎಲ್ಲಕ್ಕಿಂತ ಅಸಹನೀಯವಾಗಿ ಕಾಣುವುದು ಇದೇ.

ಬೆಳಗಾಯಿತು. ಚಂಡಮಾರುತದ ಉಳಿಕೆ ಚದುರಿಹೋಯಿತು, ಬಿಸಿಲು ಬಂತು. ಹೆಚ್ಚಿನ ಪ್ರವಾಹ ಕಥನಗಳು ಇಲ್ಲಿ ಮುಗಿಯುತ್ತವೆ. ಹೆನಾನಿನಲ್ಲಿ ಎರಡನೆಯ ಸುತ್ತಿನ ಸಾವು ಶುರುವಾದದ್ದು ಇಲ್ಲಿಂದ.

ಹ್ವಾಯ್ ಬಯಲಿಗೆ ಇಳಿಜಾರು ಎಂಬುದೇ ಇಲ್ಲ. ಬಂದ ನೀರು ಹೋಗಲಾರದೆ 12,000 ಚದರ ಕಿಲೋಮೀಟರ್ ವಿಸ್ತಾರದ ಸರೋವರವಾಗಿ ನಿಂತಿತು, ನಮ್ಮ ಒಂದು ದೊಡ್ಡ ಜಿಲ್ಲೆಗಿಂತಲೂ ವಿಶಾಲವಾಗಿ. ಕೆಳಗಿನ ಪಿಂಗ್‌ಯು, ಶಿನ್‌ಸಾಯ್ ಜಿಲ್ಲೆಗಳಲ್ಲಿ ಜನ ಏರಿಗಳ ಮೇಲೆ, ಮಾಡುಗಳ ಮೇಲೆ, ಮರಗಳ ಮೇಲೆ ಕೂತಿದ್ದರು. ಒಂಬತ್ತು ದಿನ ಕಳೆದ ಮೇಲೂ ಹತ್ತು ಲಕ್ಷಕ್ಕೂ ಹೆಚ್ಚು ಜನ ನೀರಿನ ನಡುವೆ ಸಿಕ್ಕಿಬಿದ್ದಿದ್ದರು. ವಿಮಾನಗಳು ಆಹಾರದ ಮೂಟೆ ಎಸೆದವು, ಅದರಲ್ಲಿ ಬಹಳಷ್ಟು ನೀರಿಗೇ ಬಿತ್ತು. ಮರದ ಎಲೆ ಕಿತ್ತು ತಿಂದರು, ಸತ್ತ ಪ್ರಾಣಿಗಳನ್ನು ತಿಂದು ಕಾಯಿಲೆ ಬಿದ್ದರು. ಆಗಸ್ಟಿನ ಧಗೆ, ಹೆಣಗಳು, ಸತ್ತ ದನ ಹಂದಿಗಳು ಒಂದೇ ನೀರಿನಲ್ಲಿ, ಕುಡಿಯುವುದಕ್ಕೂ ಅದೇ ನೀರು. ಭೇದಿ, ಜ್ವರ, ಕಣ್ಣುಬೇನೆ ಹಬ್ಬಿದವು.

ನೀರನ್ನು ಹೊರಹಾಕುವುದು ಹೇಗೆಂದು ತಿಳಿಯದೆ ಸರ್ಕಾರ ಮತ್ತೆ ಚೆನ್ ಶಿಂಗ್ ಅವರನ್ನು ಕರೆಸಿತು. ಹಿಂದೆ ಗೇಟು ಬೇಕು, ನೀರಿಗೆ ದಾರಿ ಬೇಕು ಎಂದಿದ್ದ ಮನುಷ್ಯ ಈಗ ಹೇಳಿದ್ದೂ ಅದನ್ನೇ: ಕೆಳಗೆ ಬಾನ್‌ತಾಯ್ ಎಂಬಲ್ಲಿ ನೀರನ್ನು ತಡೆದಿರುವ ಕಟ್ಟಡವನ್ನು ಒಡೆದುಬಿಡಿ. ಆಗಸ್ಟ್ 14ರಂದು ಡೈನಮೈಟ್ ಇಟ್ಟು ಅದನ್ನು ಸಿಡಿಸಿದರು. ನೀರು ಇಳಿಯತೊಡಗಿತು. ಅದು ಇಳಿದದ್ದು ಕೆಳಗಿನ ಆನ್‌ಹುಯ್ ಪ್ರಾಂತ್ಯದ ಹೊಲಗಳಿಗೆ ಎಂಬುದನ್ನೂ ಹೇಳಬೇಕು.

ಎಷ್ಟು ಜನ ಸತ್ತರು? ಇದಕ್ಕೆ ಒಂದು ಉತ್ತರವಿಲ್ಲ, ಇಲ್ಲದಿರುವುದಕ್ಕೆ ಕಾರಣವಿದೆ. ಸಾಂಸ್ಕೃತಿಕ ಕ್ರಾಂತಿಯ ಕೊನೆಯ ವರ್ಷಗಳವು. ದುರಂತದ ಸುದ್ದಿ ಚೀನಾದ ಪತ್ರಿಕೆಗಳಲ್ಲಿ ಬರಲಿಲ್ಲ. ಮರುವರ್ಷ ಜುಲೈಯಲ್ಲಿ ತಾಂಗ್‌ಶಾನ್ ಭೂಕಂಪ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ನುಂಗಿತು, ಆಮೇಲೆ ಮಾವೋ ತೀರಿಕೊಂಡರು. ಹೆನಾನ್ ಹಿಂದಕ್ಕೆ ಸರಿಯಿತು. 1980ರ ದಶಕದಲ್ಲಿ ಯಾಂಗ್ತ್ಸೆಯ ಮೇಲೆ ತ್ರೀ ಗಾರ್ಜಸ್ ಅಣೆಕಟ್ಟಿನ ಚರ್ಚೆ ಕಾವೇರಿದಾಗ, ಅದನ್ನು ವಿರೋಧಿಸುತ್ತಿದ್ದ ರಾಜಕೀಯ ಸಲಹಾ ಮಂಡಳಿಯ ಎಂಟು ಸದಸ್ಯರು ಬಾನ್‌ಚಿಯಾವ್‌ನ ಸಾವು 2,30,000 ಎಂದು ಬರೆದರು. ದಾಯ್ ಚಿಂಗ್ ಪುಸ್ತಕದ ಲೇಖನ 85,600 ಎಂಬ ಸಂಖ್ಯೆ ಕೊಟ್ಟಿತು. ಸರ್ಕಾರಿ ಅಂಕಿ 26,000. ಪ್ರವಾಹದಲ್ಲಿ 26,000, ಅದರ ಬೆನ್ನಿಗೆ ಬಂದ ಹಸಿವು ಮತ್ತು ಸಾಂಕ್ರಾಮಿಕದಲ್ಲಿ 1,45,000 ಎಂಬ ಇನ್ನೊಂದು ಲೆಕ್ಕವೂ ಚಲಾವಣೆಯಲ್ಲಿದೆ. ಈ ಕೊನೆಯ ಲೆಕ್ಕ ನಿಜವಾದರೆ ಅಲೆಗಿಂತ ಐದು ಪಟ್ಟಿಗೂ ಮಿಕ್ಕಿ ಜನರನ್ನು ಕೊಂದದ್ದು ನಿಂತ ನೀರು. 2005ರ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರ ಪ್ರಕೃತಿ ವಿಕೋಪದಲ್ಲಿ ಸತ್ತವರ ಸಂಖ್ಯೆ ಇನ್ನು ಮುಂದೆ ರಾಜ್ಯರಹಸ್ಯವಲ್ಲ ಎಂದು ಘೋಷಿಸಿತು. ಅಲ್ಲಿಯತನಕ ಅದು ರಹಸ್ಯವಾಗಿತ್ತು ಎಂಬುದನ್ನು ಹೀಗೆ ಒಪ್ಪಿಕೊಂಡಂತಾಯಿತು. ಆಗ ದುರಂತಕ್ಕೆ ಮೂವತ್ತು ವರ್ಷ.

ಎಂಜಿನಿಯರುಗಳು ಅಷ್ಟು ಕಾಯಲಿಲ್ಲ. ಚೀನಾದ ಹವಾಮಾನ ತಜ್ಞರು ಈ ಮಳೆಗೆ ಅದರ ವರ್ಷ, ತಿಂಗಳನ್ನೇ ಹೆಸರಾಗಿಸಿ '75·8' ಎಂದು ಕರೆದು, ಎಳೆ ಎಳೆಯಾಗಿ ಬಿಡಿಸಿ ನೋಡಿದರು. ಒಂದು ಪ್ರದೇಶದಲ್ಲಿ ಬೀಳಬಹುದಾದ ಗರಿಷ್ಠ ಮಳೆ ಎಷ್ಟೆಂಬ ಲೆಕ್ಕವನ್ನು ದೇಶದಾದ್ಯಂತ ಹೊಸದಾಗಿ ಹಾಕಿದರು. ಹಳೆಯ ಅಣೆಕಟ್ಟುಗಳ ಕೋಡಿಗಳನ್ನು ಅಗಲಿಸಿದರು, ಏರಿಗಳನ್ನು ಎತ್ತರಿಸಿದರು. ಬಾನ್‌ಚಿಯಾವ್ ಅಣೆಕಟ್ಟನ್ನು 1993ರಲ್ಲಿ ಮೊದಲಿಗಿಂತ ದೊಡ್ಡದಾಗಿ ಮತ್ತೆ ಕಟ್ಟಿ ಮುಗಿಸಿದರು.

ಲಿನ್‌ಜುವಾಂಗ್‌ನ ಒಂದು ಗಂಟೆಯ ದಾಖಲೆ, 198.5 ಮಿಲಿಮೀಟರ್, 46 ವರ್ಷ ನಿಂತಿತು. ಅದು ಮುರಿದದ್ದೂ ಹೆನಾನಿನಲ್ಲೇ, ಜುಮಾದಿಯೆನ್‌ನಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ. 2021ರ ಜುಲೈ 20ರ ಸಂಜೆ ಪ್ರಾಂತ್ಯದ ರಾಜಧಾನಿ ಝೆಂಗ್‌ಝೌ ನಗರದಲ್ಲಿ ಒಂದು ಗಂಟೆಗೆ 201.9 ಮಿಲಿಮೀಟರ್ ಸುರಿಯಿತು. ಈ ಸಲ ಚಂಡಮಾರುತ ಒಳನಾಡಿಗೆ ಬಂದೇ ಇರಲಿಲ್ಲ. ಇನ್-ಫಾ ಎಂಬುದು ದೂರದ ಕಡಲಿನಲ್ಲೇ ಇದ್ದು ಅಲ್ಲಿಂದಲೇ ತೇವವನ್ನು ತಳ್ಳುತ್ತಿತ್ತು, ಪಶ್ಚಿಮದ ಬೆಟ್ಟಗಳು ಅದನ್ನು ಹಿಡಿದು ಬೀಳಿಸುತ್ತಿದ್ದವು. ನಗರದ ಮೆಟ್ರೊ ಸುರಂಗಕ್ಕೆ ನೀರು ನುಗ್ಗಿ ರೈಲಿನೊಳಗೇ 14 ಜನ ಸತ್ತರು. ಎದೆಮಟ್ಟದ ನೀರಿನಲ್ಲಿ ನಿಂತ ಪ್ರಯಾಣಿಕರು ತೆಗೆದ ವಿಡಿಯೊಗಳು ಅಂದು ರಾತ್ರಿಯೇ ಜಗತ್ತೆಲ್ಲ ಹರಡಿದವು. ಇಡೀ ಪ್ರಾಂತ್ಯದಲ್ಲಿ ಸತ್ತವರು ಮತ್ತು ನಾಪತ್ತೆಯಾದವರು 398. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರದ ತನಿಖಾ ವರದಿ ಬಂತು. ಅವರಲ್ಲಿ 139 ಜನರ ಲೆಕ್ಕವನ್ನು ಝೆಂಗ್‌ಝೌನ ಸ್ಥಳೀಯ ಅಧಿಕಾರಿಗಳು ಮೇಲಿನವರಿಗೆ ತಿಳಿಸದೆ ಮುಚ್ಚಿಟ್ಟಿದ್ದರು ಎಂದು ಅದರಲ್ಲಿತ್ತು.